ಏರ್ ಪಿಸ್ತೂಲಿನ ನಿಖರತೆಯನ್ನು ಅಳೆಯುವ ಮತ್ತು ಹೋಲಿಸುವ ಕ್ರಮ

ಶೂಟಿಂಗ್ ಕ್ಲಬ್ಬುಗಳಲ್ಲಿ ಆಗಾಗ ಕಾಣುವ ಸಂಗತಿಯೊಂದಿದೆ. ಒಬ್ಬರು ಪಕ್ಕದ ಲೇನಿನ ಗೆಳೆಯರ ಪಿಸ್ತೂಲನ್ನು ಕೇಳಿ ಪಡೆದು ಐದು ಪೆಲೆಟ್ (ಏರ್ ಪಿಸ್ತೂಲಿನ ಚಿಕ್ಕ ಸೀಸದ ಗುಂಡು) ಹಾರಿಸುತ್ತಾರೆ. ಮೂರು ಹತ್ತು, ಎರಡು ಒಂಬತ್ತು ಬೀಳುತ್ತವೆ. ಅವರ ಸ್ವಂತ ಪಿಸ್ತೂಲಿನಲ್ಲಿ ಅಂದು ಬೆಳಿಗ್ಗೆಯಿಂದ ಎಂಟು, ಒಂಬತ್ತುಗಳೇ ಬಿದ್ದಿದ್ದರಿಂದ, ತಮ್ಮದರ ನಳಿಕೆಯೇ ಸರಿಯಿಲ್ಲವೆಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಕೆಲವು ತಿಂಗಳಲ್ಲಿ ಹೊಸ ಪಿಸ್ತೂಲು ಬರುತ್ತದೆ; ಇನ್ನೂ ಕೆಲವು ತಿಂಗಳಲ್ಲಿ ಅಂಕಗಳು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತವೆ. ನಾನೂ ಹೀಗೆ ಒಂದು ಒಳ್ಳೆಯ ಪಿಸ್ತೂಲನ್ನು ಮಾರಿದ್ದೇನೆ. ಅದನ್ನು ಕೊಂಡವರು ಬೇರೆ ಪೆಲೆಟ್ ಹಾಕಿ ಅದರಿಂದಲೇ ಚೊಕ್ಕವಾದ ಗ್ರೂಪ್, ಅಂದರೆ ಒತ್ತೊತ್ತಾಗಿ ಬಿದ್ದ ರಂಧ್ರಗಳ ಗುಂಪು, ತೆಗೆದದ್ದನ್ನು ನೋಡಿದ ಮೇಲೆ, ಪರೀಕ್ಷೆ ಮಾಡದೆ ಯಾವ ಪಿಸ್ತೂಲನ್ನೂ ದೂರಬಾರದೆಂದು ತಿಳಿಯಿತು. ಮನೆಯ ಉಳಿತಾಯದಿಂದ ಪಿಸ್ತೂಲು ಕೊಳ್ಳುವ ತಂದೆ ತಾಯಂದಿರಿಗೆ ಮತ್ತು ಎರಡು ಪಿಸ್ತೂಲುಗಳ ನಡುವೆ ಆಯ್ಕೆ ಮಾಡಬೇಕಾದ ಯುವ ಶೂಟರುಗಳಿಗೆ ನೆರವಾಗಲೆಂದು, ಆ ಪರೀಕ್ಷೆಯ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದವರು. 2023ರ ಬಾಕು ವಿಶ್ವಕಪ್‌ನಲ್ಲಿ ಟಿ. ಎಸ್. ದಿವ್ಯಾ ಅವರು ಸರಬ್ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡದ ಚಿನ್ನ ಗೆದ್ದರು. ಇಂಥವರನ್ನು ಕಂಡು ರೇಂಜಿಗೆ ಬರುವ ಮಕ್ಕಳು ಕೇಳುವ ಮೊದಲ ಪ್ರಶ್ನೆ ಯಾವ ಪಿಸ್ತೂಲು ಒಳ್ಳೆಯದು ಎಂಬುದೇ. ಆ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ವಿಷಯವನ್ನು ಬಿಡಿಸಿಕೊಳ್ಳಬೇಕು.

ಕೈಯ ಹರವು ಬೇರೆ, ಪಿಸ್ತೂಲಿನ ಹರವು ಬೇರೆ

ಗುರಿಕಾಗದದ ಮೇಲೆ ಕಾಣುವ ರಂಧ್ರಗಳ ಹರವಿಗೆ ಎರಡು ಮೂಲಗಳಿವೆ. ಪಿಸ್ತೂಲನ್ನು ಕದಲದಂತೆ ಬಿಗಿದಿಟ್ಟರೂ ಅದು ಮತ್ತು ಅದರ ಪೆಲೆಟ್ ಸೇರಿ ಉಂಟುಮಾಡುವ ಹರವು ಒಂದು. ಹಿಡಿತ, ಕಣ್ಣು, ಉಸಿರು, ಟ್ರಿಗರ್ ಎಳೆಯುವ ಬೆರಳು ಇವೆಲ್ಲ ಸೇರಿ ಉಂಟುಮಾಡುವ ಹರವು ಇನ್ನೊಂದು. ಇವೆರಡೂ ಸರಳವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಕೈಯ ಹರವು 20 ಮಿ.ಮೀ., ಪಿಸ್ತೂಲಿನದು 4 ಮಿ.ಮೀ. ಎಂದಿಟ್ಟುಕೊಂಡರೆ, 400 ಮತ್ತು 16 ಸೇರಿ 416 ಆಗುತ್ತದೆ, ಅದರ ವರ್ಗಮೂಲ 20.4. ಅದೇ ಶೂಟರಿಗೆ 2 ಮಿ.ಮೀ. ಹರವಿನ, ಬಹಳ ದುಬಾರಿಯಾದ ಪಿಸ್ತೂಲನ್ನು ಕೊಟ್ಟರೆ ಒಟ್ಟು ಹರವು 20.1 ಆಗುತ್ತದೆ. ಪಿಸ್ತೂಲು ಎರಡು ಪಟ್ಟು ನಿಖರವಾದರೂ ಕಾಗದದ ಮೇಲಿನ ಲಾಭ 0.3 ಮಿ.ಮೀ. ಮಾತ್ರ, ಯಾವ ಶೂಟರಿಗೂ ಅದು ಕಣ್ಣಿಗೆ ಕಾಣಿಸದು. ಆದರೆ ಪಿಸ್ತೂಲಿನ ಹರವು 15 ಮಿ.ಮೀ. ಇದ್ದರೆ ಮಾತು ಬೇರೆ. ಆಗ 400 ಮತ್ತು 225 ಸೇರಿ 625, ಅಂದರೆ ಒಟ್ಟು ಹರವು 25 ಮಿ.ಮೀ.ಗೆ ಏರುತ್ತದೆ, ಮತ್ತು ಅಂಥ ಪಿಸ್ತೂಲಿನಿಂದ ಕಲಿಯುವ ಮಗು ತನ್ನದಲ್ಲದ ತಪ್ಪನ್ನು ತಿದ್ದಿಕೊಳ್ಳಲು ತಿಂಗಳುಗಟ್ಟಲೆ ಹೆಣಗುತ್ತದೆ.

ಆದ್ದರಿಂದ ಪರೀಕ್ಷೆಯನ್ನು ಎರಡಾಗಿ ಒಡೆಯಬೇಕು: ಮೊದಲು ಕೈಯನ್ನು ಪೂರ್ತಿ ಹೊರಗಿಟ್ಟು ಪಿಸ್ತೂಲನ್ನು ಅಳೆಯಬೇಕು, ಆಮೇಲೆ ಅದೇ ಪಿಸ್ತೂಲು ನಿಮ್ಮ ಕೈಯಲ್ಲಿ ಹೇಗೆ ಕೂರುತ್ತದೆಂದು ನೋಡಬೇಕು. ಈ ಎರಡನ್ನು ಬೆರೆಸಿದ ಹೋಲಿಕೆ ಹೋಲಿಕೆಯೇ ಅಲ್ಲ.

ಎಷ್ಟು ನಿಖರತೆ ಸಾಕು

ಅಂತರರಾಷ್ಟ್ರೀಯ ನಿಯಮದ 10 ಮೀಟರ್ ಏರ್ ಪಿಸ್ತೂಲ್ ಗುರಿಕಾಗದದಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ.; ಅಲ್ಲಿಂದ ಹೊರಕ್ಕೆ ಪ್ರತಿ ವೃತ್ತದ ವ್ಯಾಸವೂ 16 ಮಿ.ಮೀ. ಹೆಚ್ಚುತ್ತಾ ಹೋಗಿ, ಕಪ್ಪು ಭಾಗ 59.5 ಮಿ.ಮೀ.ಗೆ ಮುಗಿಯುತ್ತದೆ. ಪೆಲೆಟ್‌ನ ವ್ಯಾಸ 4.5 ಮಿ.ಮೀ. ಅದರ ಅಂಚು ಗೆರೆಯನ್ನು ಮುಟ್ಟಿದರೂ ಮೇಲಿನ ಅಂಕವೇ ಸಿಗುವುದರಿಂದ, ಪೆಲೆಟ್‌ನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಅದು ಹತ್ತು. ದಶಾಂಶ ಲೆಕ್ಕದಲ್ಲಿ 10.9ರಿಂದ ಕೆಳಕ್ಕೆ ಪ್ರತಿ 0.8 ಮಿ.ಮೀ.ಗೆ 0.1 ಅಂಕ ಇಳಿಯುತ್ತದೆ. ಇದರ ಅರ್ಥವಿಷ್ಟೆ: ರಂಧ್ರಗಳ ನಡುಬಿಂದುಗಳ ನಡುವಿನ ಅತಿ ಹೆಚ್ಚಿನ ಅಂತರ 3 ಮಿ.ಮೀ. ಆಸುಪಾಸಿನಲ್ಲಿರುವ ಪಿಸ್ತೂಲು, ಕೇಂದ್ರದಿಂದ ಒಂದೂವರೆ ಮಿ.ಮೀ. ಆಚೀಚೆ ಮಾತ್ರ ತಪ್ಪುತ್ತದೆ. ಅಂಥದ್ದರಲ್ಲಿ ನೀವು ಎಂಟು ಹೊಡೆದರೆ, ಆ ಎಂಟು ನಿಮ್ಮದೇ. ಸ್ಟೈಯರ್, ಮೊರಿನಿ, ವಾಲ್ಟರ್, ಪಾರ್ಡಿನಿ, ಫೈನ್‌ವೆರ್ಕ್‌ಬೌ ಮುಂತಾದ ಕಂಪನಿಗಳ ಸ್ಪರ್ಧಾ ಪಿಸ್ತೂಲುಗಳು ಸುಸ್ಥಿತಿಯಲ್ಲಿದ್ದು ಒಪ್ಪುವ ಪೆಲೆಟ್ ಸಿಕ್ಕರೆ ಈ ಮಟ್ಟಕ್ಕೆ ಬರುತ್ತವೆ. ಹೀಗಿರುವಾಗ, ಇವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರುವುದಕ್ಕೆ ನಿಖರತೆಯನ್ನು ಕಾರಣವಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹಿಡಿ, ತೂಕದ ಸಮತೋಲ, ಟ್ರಿಗರ್, ದುರಸ್ತಿಯ ಸೌಕರ್ಯ ಇವೇ ನಿಜವಾದ ಕಾರಣಗಳು.

ಸ್ಥಳ ಮತ್ತು ಸಾಮಗ್ರಿ

ಪರೀಕ್ಷೆಯನ್ನು ರೇಂಜಿನಲ್ಲಿಯೇ, ಮೇಲ್ವಿಚಾರಕರ ಒಪ್ಪಿಗೆ ಪಡೆದು ಮಾಡಬೇಕು. ಮನೆಯ ತಾರಸಿ, ಹಿತ್ತಲು, ಉದ್ದನೆಯ ಹಜಾರ ಯಾವುದೂ ಇದಕ್ಕೆ ತಕ್ಕ ಜಾಗವಲ್ಲ. ಪೆಲೆಟ್ ಬೀಳುವ ಕಡೆ ಸರಿಯಾದ ತಡೆಪೆಟ್ಟಿಗೆ ಇರಬೇಕು. ಪಿಸ್ತೂಲನ್ನು ಬಿಗಿದ ಮೇಜಿನ ಮುಂದಕ್ಕೆ ಯಾರಾದರೂ ಹೋಗುವಾಗ ಅದರ ಪೆಲೆಟ್ ಹಾಕುವ ಬಾಯಿ ತೆರೆದು ಸುರಕ್ಷತಾ ದಾರ ತೂರಿಸಿರಬೇಕು. ವೈಸಿಗೆ, ಅಂದರೆ ಎರಡು ದವಡೆಗಳ ನಡುವೆ ವಸ್ತುವನ್ನು ಅದುಮಿ ಹಿಡಿಯುವ ಸಾಧನಕ್ಕೆ, ಬಿಗಿದ ಪಿಸ್ತೂಲು ತಾನಾಗಿಯೇ ಗುರಿಯತ್ತ ತಿರುಗಿಕೊಂಡಿರುವುದರಿಂದ ಅದು ತುಂಬಿದೆಯೋ ಇಲ್ಲವೋ ಎಂಬುದು ಮರೆತುಹೋಗುವ ಅಪಾಯ ಕೈಯಲ್ಲಿ ಹಿಡಿದಾಗಿನದಕ್ಕಿಂತ ಹೆಚ್ಚು. ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಪೆಲೆಟ್ ಸೀಸದ್ದು, ನೂರಾರು ಪೆಲೆಟ್ ಮುಟ್ಟುವ ಈ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಏನನ್ನೂ ತಿನ್ನಬಾರದು, ನಡುವೆ ಚಹಾ ಕುಡಿಯುವಾಗಲೂ ಅಷ್ಟೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಅಲ್ಲಾಡದ ಭಾರವಾದ ಮೇಜು, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ವೈಸ್, ಅದರ ದವಡೆಗಳಿಗೆ ಮರದ ತುಂಡು ಮತ್ತು ಚರ್ಮದ ಹೊದಿಕೆ, ದಪ್ಪ ರಟ್ಟಿನ ಗುರಿಕಾಗದಗಳು, ಒಂದು ವರ್ನಿಯರ್ ಕ್ಯಾಲಿಪರ್, ನೋಟ್‌ಬುಕ್. ಗುರಿಕಾಗದವನ್ನು ತೂಗುಹಾಕದೆ ಹಿಂದಿನ ಹಲಗೆಗೆ ನಾಲ್ಕು ಕಡೆ ಒತ್ತಿ ಹಿಡಿಸಬೇಕು. ನಮ್ಮ ಅನೇಕ ರೇಂಜುಗಳಲ್ಲಿ ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಆ ಗಾಳಿಗೆ ಕಾಗದ ಎರಡು ಮಿ.ಮೀ. ಓಲಾಡಿದರೆ, ನೀವು ಅಳೆದದ್ದು ಪಿಸ್ತೂಲನ್ನಲ್ಲ, ಫ್ಯಾನನ್ನು. ದೂರವನ್ನು ಕಣ್ಣಂದಾಜಿನಲ್ಲಿ ಬಿಡದೆ, ಟೇಪ್ ಹಿಡಿದು ಗುಂಡಿನ ಗೆರೆಯಿಂದ ಕಾಗದದವರೆಗೆ 10 ಮೀಟರ್ ಅಳೆಯಿರಿ.

ಮೊದಲ ಹಂತ: ಪಿಸ್ತೂಲನ್ನು ಬಿಗಿಯುವುದು

ಈಗಿನ ಸ್ಪರ್ಧಾ ಪಿಸ್ತೂಲುಗಳು 200 ಬಾರ್‌ವರೆಗೆ ಗಾಳಿ ತುಂಬಿದ ಸಿಲಿಂಡರಿನಿಂದ ನಡೆಯುತ್ತವೆ. ಇವುಗಳಲ್ಲಿ ಮರದ ಹಿಡಿಯನ್ನು ಬಿಚ್ಚಿ, ಒಳಗಿನ ಲೋಹದ ಚೌಕಟ್ಟನ್ನು ವೈಸಿನಲ್ಲಿ ಹಿಡಿಸಬೇಕು. ನಳಿಕೆಯನ್ನು ಎಂದೂ ದವಡೆಗೆ ಕೊಡಬಾರದು, ಏಕೆಂದರೆ ಸ್ವಲ್ಪ ಬಾಗಿದರೂ ಹೊಡೆತದ ಜಾಗ ಬದಲಾಗುತ್ತದೆ. ಒತ್ತಡ ತುಂಬಿದ ಸಿಲಿಂಡರನ್ನು ಹಿಚುಕುವುದಂತೂ ಪ್ರಾಣಕ್ಕೇ ಅಪಾಯ. ಸಿಲಿಂಡರಿನ ಮೇಲೆ ಅಚ್ಚೊತ್ತಿದ ತಯಾರಿಕೆಯ ದಿನಾಂಕವನ್ನು ಇದೇ ಹೊತ್ತಿನಲ್ಲಿ ಓದಿಕೊಳ್ಳಿ, ತಯಾರಕರು ಸಾಮಾನ್ಯವಾಗಿ ಹತ್ತು ವರ್ಷಗಳ ಬಳಕೆಯ ಮಿತಿಯನ್ನು ಹಾಕಿರುತ್ತಾರೆ.

ಬಿಗಿದ ಮೇಲೆ ವೈಸನ್ನೇ ಪರೀಕ್ಷಿಸಬೇಕು. ಒಂದು ಚಿಕ್ಕ ಲೇಸರ್ ಪಾಯಿಂಟರನ್ನು ಪಿಸ್ತೂಲಿನ ಚೌಕಟ್ಟಿಗೆ ಟೇಪಿನಿಂದ ಅಂಟಿಸಿ, ಅದರ ಚುಕ್ಕೆ ಗುರಿಯ ಪಕ್ಕದ ಹಲಗೆಯ ಮೇಲೆ ಎಲ್ಲಿ ಬೀಳುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಪೆಲೆಟ್ ಹಾಕಲು ಸನ್ನೆ ತೆರೆದು ಮುಚ್ಚಿದ ಮೇಲೂ, ಟ್ರಿಗರ್ ಎಳೆದ ಮೇಲೂ ಚುಕ್ಕೆ ಅದೇ ಗುರುತಿಗೆ ಮರಳುತ್ತದೆಯೇ ಎಂದು ಹಲವು ಬಾರಿ ನೋಡಿ. ಮರಳದಿದ್ದರೆ ಮುಂದಿನ ಯಾವ ಅಳತೆಗೂ ಬೆಲೆಯಿಲ್ಲ. ಮೇಜನ್ನೋ ದವಡೆಯನ್ನೋ ಸರಿಪಡಿಸುವ ತನಕ ಒಂದು ಪೆಲೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲೇಸರನ್ನು ಯಾರ ಕಣ್ಣಿನ ಕಡೆಗೂ ತಿರುಗಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಸ್ಪ್ರಿಂಗ್ ಮತ್ತು ಪಿಸ್ಟನ್ನಿನಿಂದ ನಡೆಯುವ ಪಿಸ್ತೂಲುಗಳಿಗೆ ಈ ವಿಧಾನ ಒಗ್ಗುವುದಿಲ್ಲ. ಅವುಗಳಲ್ಲಿ ಪೆಲೆಟ್ ನಳಿಕೆಯಿಂದ ಹೊರಬೀಳುವ ಮೊದಲೇ ಪಿಸ್ಟನ್ ಚಲಿಸಿ ಇಡೀ ಪಿಸ್ತೂಲು ಜಿಗಿಯುತ್ತದೆ. ಆ ಜಿಗಿತವನ್ನು ವೈಸಿನಲ್ಲಿ ಅದುಮಿದರೆ, ಕೈಯಲ್ಲಿ ಹಿಡಿದಾಗ ಎಂದೂ ಬಾರದ ಫಲಿತಾಂಶ ಬರುತ್ತದೆ. ಅಂಥವುಗಳಿಗೆ ಮರಳಿನ ಚೀಲವೇ ಸರಿ. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಒಣ ಮರಳು ತುಂಬಿ ಹೊಲಿದರೆ ಒಳ್ಳೆಯ ಚೀಲವಾಗುತ್ತದೆ. ಮಣಿಕಟ್ಟನ್ನು ಚೀಲದ ಮೇಲೆ ಊರಿ, ಪಿಸ್ತೂಲಿನ ಯಾವ ಭಾಗವೂ ಚೀಲವನ್ನು ಮುಟ್ಟದಂತೆ, ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಹಿಡಿಯಿರಿ. ಇಲ್ಲಿ ಕಣ್ಣಿನ ತಪ್ಪು ಒಳನುಸುಳುತ್ತದೆಂಬುದು ನಿಜ. ಸೈಟುಗಳ (ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ ಮತ್ತು ಮುಂದೆ ಇರುವ ಭಾಗಗಳ) ನಡುವಿನ ಅಂತರ 330 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ 0.1 ಮಿ.ಮೀ. ಪಕ್ಕಕ್ಕೆ ಸರಿದು ಕಂಡರೂ ಗುರಿಯಲ್ಲಿ ಸುಮಾರು 3 ಮಿ.ಮೀ. ತಪ್ಪುತ್ತದೆ. ಪಿಸ್ತೂಲಿನ ಮೇಲೆ ಅದಕ್ಕೆ ತಕ್ಕ ತೋಡು ಇದ್ದರೆ, ಪರೀಕ್ಷೆಯ ಮಟ್ಟಿಗೆ ಕೆಂಪು ಬೆಳಕಿನ ಚುಕ್ಕೆಯಿಂದ ಗುರಿ ತೋರುವ ಒಂದು ರೆಡ್ ಡಾಟ್ ಸೈಟನ್ನು ಕೂರಿಸಿಕೊಳ್ಳುವುದು ಉತ್ತಮ. ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ, ಆದರೆ ಇಲ್ಲಿ ನಾವು ಅಳೆಯುತ್ತಿರುವುದು ನಳಿಕೆಯನ್ನು. ಗುರಿಯಿಡುವ ಚುಕ್ಕೆಗೇ ಪೆಲೆಟ್ ಬಿದ್ದರೆ ಚುಕ್ಕೆ ಹರಿದುಹೋಗುತ್ತದೆ. ಆದ್ದರಿಂದ ಹೊಡೆತ ಚುಕ್ಕೆಗಿಂತ ಮೂರು ನಾಲ್ಕು ಸೆಂ.ಮೀ. ಮೇಲೆ ಬೀಳುವಂತೆ ಸೈಟನ್ನು ತಿರುಗಿಸಿಟ್ಟುಕೊಳ್ಳಿ.

ಎರಡನೆಯ ಹಂತ: ಪೆಲೆಟ್ ಆಯ್ಕೆ

ಪಿಸ್ತೂಲುಗಳನ್ನು ಹೋಲಿಸುವವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. ಗುರಿಕಾಗದವನ್ನು ಚೊಕ್ಕವಾಗಿ ದುಂಡಗೆ ಕತ್ತರಿಸುವ ಚಪ್ಪಟೆ ಮೂತಿಯ ಸ್ಪರ್ಧಾ ಪೆಲೆಟ್‌ಗಳನ್ನು ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಮುಂತಾದ ಕಂಪನಿಗಳು ಮಾಡುತ್ತವೆ. ತೂಕ ಸುಮಾರು 0.45 ಗ್ರಾಂನಿಂದ 0.53 ಗ್ರಾಂವರೆಗೆ, ತಲೆಯ ವ್ಯಾಸ 4.48 ಮಿ.ಮೀ.ನಿಂದ 4.52 ಮಿ.ಮೀ.ವರೆಗೆ ದೊರೆಯುತ್ತದೆ. ಹಗುರವಾದವನ್ನು ಪಿಸ್ತೂಲಿಗೆಂದೂ ಭಾರವಾದವನ್ನು ರೈಫಲಿಗೆಂದೂ ಮಾರುತ್ತಾರೆ, ಆದರೂ ಕೆಲವು ಪಿಸ್ತೂಲುಗಳು ರೈಫಲಿನ ಪೆಲೆಟ್ಟನ್ನೇ ಮೆಚ್ಚುತ್ತವೆ. ಒಂದು ನಳಿಕೆಗೆ 4.49 ಒಗ್ಗಿದರೆ, ಅದೇ ಮಾದರಿಯ ಪಕ್ಕದ ನಳಿಕೆಗೆ 4.50 ಒಗ್ಗಬಹುದು, ನೋಡಿ ಹೇಳಲು ಬಾರದು, ಹೊಡೆದೇ ತಿಳಿಯಬೇಕು.

ಡಬ್ಬಿಯ ಹೆಸರು, ತೂಕ, ವ್ಯಾಸ ಒಂದೇ ಆಗಿದ್ದರೂ ತಯಾರಿಕೆಯ ತಂಡದ ಸಂಖ್ಯೆ, ಅಂದರೆ ಡಬ್ಬಿಯ ಹಿಂದಿನ ಲಾಟ್ ನಂಬರ್, ಬದಲಾದರೆ ಫಲಿತಾಂಶವೂ ಬದಲಾಗಬಹುದು. ನನ್ನ ಪಿಸ್ತೂಲು ಒಂದು ಲಾಟ್‌ನಲ್ಲಿ ಸರಾಸರಿ ಮೂರೂವರೆ ಮಿ.ಮೀ. ಗ್ರೂಪ್ ಕೊಟ್ಟು, ಅದೇ ಹೆಸರಿನ ಮುಂದಿನ ಲಾಟ್‌ನಲ್ಲಿ ಆರು ಮಿ.ಮೀ. ದಾಟಿದ್ದನ್ನು ಕಂಡ ದಿನದಿಂದ, ಲಾಟ್ ನಂಬರ್ ಬರೆದುಕೊಳ್ಳದೆ ನಾನು ಒಂದು ಡಬ್ಬಿಯನ್ನೂ ತೆರೆದಿಲ್ಲ. ಎರಡು ಪಿಸ್ತೂಲುಗಳನ್ನು ಒಂದೇ ಪೆಲೆಟ್‌ನಿಂದ ಹೋಲಿಸುವುದು ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ವಾಸ್ತವದಲ್ಲಿ ಅದು ಆ ಪೆಲೆಟ್ ಯಾರಿಗೆ ಒಗ್ಗಿತೋ ಅವರ ಪರವಾದ ತೀರ್ಪು. ಪ್ರತಿ ಪಿಸ್ತೂಲಿಗೂ ನಾಲ್ಕೈದು ಬಗೆಯ ಪೆಲೆಟ್ ಪ್ರಯತ್ನಿಸಿ, ಪ್ರತಿಯೊಂದು ತನ್ನ ಅತ್ಯುತ್ತಮ ಪೆಲೆಟ್‌ನಲ್ಲಿ ಏನು ಮಾಡುತ್ತದೆಂಬುದನ್ನು ಹೋಲಿಸಬೇಕು.

ಪೆಲೆಟ್ ಬದಲಿಸಿದಾಗ ಮೊದಲ ಹತ್ತು ಹೊಡೆತಗಳನ್ನು ಬೇರೆ ಕಾಗದಕ್ಕೆ ಹೊಡೆದು ಬಿಟ್ಟುಬಿಡಿ, ಏಕೆಂದರೆ ನಳಿಕೆಯ ಒಳಮೈಯಲ್ಲಿ ಹಿಂದಿನ ಪೆಲೆಟ್‌ನ ಸೀಸದ ತೆಳುಪದರ ಇನ್ನೂ ಇರುತ್ತದೆ. ಪ್ರತಿ ಪೆಲೆಟ್‌ನ ಹಿಂಭಾಗದ ಲಂಗದಂಥ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಕುಗ್ಗಿದ್ದನ್ನು ಎತ್ತಿಡಿ. ಬಸ್ಸಿನಲ್ಲಿ ಕುಲುಕುತ್ತಾ ಬಂದ ಡಬ್ಬಿಯಲ್ಲಿ ಅಂಥವು ಹೆಚ್ಚು ಸಿಗುತ್ತವೆ.

ಮೂರನೆಯ ಹಂತ: ಹೊಡೆಯುವ ಕ್ರಮ

ಒಂದು ಕಾಗದಕ್ಕೆ ಐದು ಹೊಡೆತ, ಒಂದು ಪೆಲೆಟ್‌ಗೆ ಐದು ಕಾಗದ. ಹತ್ತು ಹೊಡೆತಗಳನ್ನು ಒಂದೇ ಕಡೆ ಹಾಕಿದರೆ ಒಳ್ಳೆಯ ಪಿಸ್ತೂಲಿನಲ್ಲಿ ಎಲ್ಲವೂ ಒಂದೇ ಹರಕು ರಂಧ್ರವಾಗಿ, ಯಾವುದು ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ. ಎರಡು ಪಿಸ್ತೂಲುಗಳಿದ್ದರೆ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬಾರದು. ಮೊದಲನೆಯದರಲ್ಲಿ ಒಂದು ಕಾಗದ, ಎರಡನೆಯದರಲ್ಲಿ ಎರಡು, ಮತ್ತೆ ಮೊದಲನೆಯದರಲ್ಲಿ ಒಂದು, ಹೀಗೆ ಅದಲುಬದಲು ಮಾಡುತ್ತಾ ಹೋದರೆ ಬಿಸಿಲೇರುವುದರಿಂದಾಗಲಿ ನಿಮ್ಮ ದಣಿವಿನಿಂದಾಗಲಿ ಬರುವ ವ್ಯತ್ಯಾಸ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ವೈಸ್ ಬಳಸುವಾಗ ಪ್ರತಿ ಸಲ ಬಿಚ್ಚಿ ಬಿಗಿಯುವುದು ಕಷ್ಟ; ಆಗ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಮಾಡಿ, ಮರುದಿನ ಸರದಿಯನ್ನು ತಿರುಗಿಸಿ. ಇಂಗಾಲದ ಡೈಆಕ್ಸೈಡ್ ಅನಿಲದಿಂದ ನಡೆಯುವ ಹಳೆಯ ಪಿಸ್ತೂಲುಗಳಿದ್ದರೆ ಈ ಎಚ್ಚರ ಇನ್ನೂ ಮುಖ್ಯ, ಏಕೆಂದರೆ ಆ ಅನಿಲದ ಒತ್ತಡ ಉಷ್ಣಾಂಶದೊಡನೆ ಏರಿಳಿಯುತ್ತದೆ. ಗಾಳಿ ಸಿಲಿಂಡರಿನ ಪಿಸ್ತೂಲುಗಳಲ್ಲಿ ತಯಾರಕರು ಹೇಳಿದ ಕನಿಷ್ಠ ಒತ್ತಡದ ಹತ್ತಿರ ಬರುವ ಮೊದಲೇ ನಿಲ್ಲಿಸಿ ಮತ್ತೆ ತುಂಬಿಸಿಕೊಳ್ಳಿ.

ಒಂದು ಹೊಡೆತ ಉಳಿದವುಗಳಿಂದ ದೂರ ಬಿದ್ದರೆ, ಅದನ್ನು ಬಿಟ್ಟು ಲೆಕ್ಕ ಹಾಕುವ ಆಸೆಯಾಗುತ್ತದೆ. ಹೊಡೆಯುವ ಮೊದಲೇ ಲೇಸರ್ ಚುಕ್ಕೆ ಸರಿದದ್ದನ್ನು ಕಂಡಿದ್ದರೆ, ಅಥವಾ ಪೆಲೆಟ್ ಹಾಕುವಾಗ ಅದು ಜಜ್ಜಿದ್ದು ಗೊತ್ತಿದ್ದರೆ ಬಿಡಬಹುದು. ರಂಧ್ರವನ್ನು ನೋಡಿದ ಮೇಲೆ ಹುಡುಕಿದ ಯಾವ ಕಾರಣವನ್ನೂ ಒಪ್ಪಬಾರದು. ಸ್ಪರ್ಧೆಯಲ್ಲಿ ಅಂಥದೇ ಒಂದು ಹೊಡೆತ ನಿಮ್ಮನ್ನು ಫೈನಲಿನಿಂದ ಹೊರಗಿಡುತ್ತದೆ. ಸಾಧ್ಯವಾದರೆ ಗೆಳೆಯರೊಬ್ಬರು ಬಟ್ಟಲುಗಳಲ್ಲಿ ಪೆಲೆಟ್ ಹಾಕಿ ಅವಕ್ಕೆ ಸಂಖ್ಯೆ ಮಾತ್ರ ಬರೆದು ಕೊಡಲಿ, ಯಾವ ಬಟ್ಟಲಿನಲ್ಲಿ ಯಾವ ಕಂಪನಿಯದೆಂಬುದು ಅಳತೆ ಮುಗಿಯುವ ತನಕ ನಿಮಗೆ ತಿಳಿಯದಿರಲಿ. ಬೆಲೆಬಾಳುವ ಡಬ್ಬಿಯ ಮೇಲಿನ ಮೋಹ ಕ್ಯಾಲಿಪರ್ ಹಿಡಿದ ಕೈಯನ್ನೂ ಬಿಡುವುದಿಲ್ಲ.

ನಾಲ್ಕನೆಯ ಹಂತ: ಅಳತೆ

ಗ್ರೂಪಿನ ಅತಿ ದೂರದ ಎರಡು ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಒಂದು ರಂಧ್ರದ ವ್ಯಾಸವನ್ನು ಕಳೆದರೆ ನಡುಬಿಂದುಗಳ ಅಂತರ ಸಿಗುತ್ತದೆ. ಹೊರ ಅಳತೆ 8.3 ಮಿ.ಮೀ. ಇದ್ದು ರಂಧ್ರದ್ದು 4.5 ಮಿ.ಮೀ. ಇದ್ದರೆ ಗ್ರೂಪ್ 3.8 ಮಿ.ಮೀ. ಪೆಲೆಟ್ ಹಾದುಹೋದ ಮೇಲೆ ಕಾಗದದ ಅಂಚು ಸ್ವಲ್ಪ ಒಳಕ್ಕೆ ಮುಚ್ಚಿಕೊಳ್ಳುವುದರಿಂದ ರಂಧ್ರ 4.5ಕ್ಕಿಂತ ಚಿಕ್ಕದಾಗಿಯೂ ಕಾಣಬಹುದು. ಅದಕ್ಕಾಗಿ ಅದೇ ಕಾಗದದಲ್ಲಿ ಒಂಟಿ ಹೊಡೆತ ಹಾಕಿ, ಅದರ ವ್ಯಾಸವನ್ನೇ ಕಳೆಯಬೇಕು. ಎಲೆಕ್ಟ್ರಾನಿಕ್ ಗುರಿಯಿರುವ ರೇಂಜಿನಲ್ಲಿ ಕೆಲಸ ಸುಲಭ. ಆದರೆ ಎರಡೂ ಪಿಸ್ತೂಲುಗಳಿಗೆ ಒಂದೇ ಲೇನನ್ನು ಬಳಸಿ.

ಪಿಸ್ತೂಲಿನ ಜೊತೆ ಕಾರ್ಖಾನೆಯಿಂದ ಬರುವ ಪರೀಕ್ಷಾ ಕಾಗದವನ್ನು ನಿಮ್ಮ ಅಳತೆಯೊಡನೆ ಹೋಲಿಸುವಾಗ, ಅಲ್ಲಿ ಎಷ್ಟು ಹೊಡೆತಗಳಿವೆ ಎಂದು ಮೊದಲು ಎಣಿಸಿ. ಹೊಡೆತಗಳ ಸಂಖ್ಯೆ ಹೆಚ್ಚಿದಂತೆ ಗ್ರೂಪ್ ತಾನಾಗಿಯೇ ಅಗಲವಾಗುತ್ತದೆ: ಒಂದೇ ಪಿಸ್ತೂಲಿನ ಹತ್ತು ಹೊಡೆತದ ಗ್ರೂಪ್, ಐದು ಹೊಡೆತದ್ದಕ್ಕಿಂತ ಸರಾಸರಿ ಕಾಲು ಭಾಗದಷ್ಟು ದೊಡ್ಡದಿರುತ್ತದೆ, ಮೂರು ಹೊಡೆತದ್ದು ಐದರದ್ದಕ್ಕಿಂತ ಐದನೇ ಒಂದು ಭಾಗದಷ್ಟು ಚಿಕ್ಕದಿರುತ್ತದೆ. ಆ ಕಾಗದ ಒಂದೇ ಒಂದು ಗ್ರೂಪ್ ಎಂಬುದನ್ನೂ ನೆನಪಿಡಿ. ಐದು ಗ್ರೂಪ್‌ಗಳಲ್ಲಿ ಅತಿ ಚಿಕ್ಕದನ್ನು ಮಾತ್ರ ಆರಿಸಿ ತೋರಿಸಿದರೆ, ಅದು ನಿಜವಾದ ಸರಾಸರಿಗಿಂತ ಹೆಚ್ಚುಕಡಿಮೆ 30% ಚಿಕ್ಕದಾಗಿ ಕಾಣುತ್ತದೆ. ಹಳೆಯ ಪಿಸ್ತೂಲು ಮಾರುವವರು ಜೇಬಿನಿಂದ ತೆಗೆದು ತೋರಿಸುವ ಕಾಗದವನ್ನು ಈ ಕಾರಣಕ್ಕಾಗಿ ನಾನು ಗೌರವದಿಂದ ನೋಡಿ ಹಿಂದಿರುಗಿಸುತ್ತೇನೆ, ಮತ್ತು ನಮ್ಮ ಕಣ್ಣೆದುರಿಗೆ ಐದು ಕಾಗದ ಹೊಡೆಯೋಣವೆಂದು ಕೇಳುತ್ತೇನೆ.

ಐದನೆಯ ಹಂತ: ವ್ಯತ್ಯಾಸ ನಿಜವೇ ಎಂದು ನಿರ್ಧರಿಸುವುದು

ಒಂದೇ ಪಿಸ್ತೂಲು, ಒಂದೇ ಪೆಲೆಟ್, ಏನೂ ಬದಲಾಗದಿದ್ದರೂ ಐದು ಹೊಡೆತದ ಗ್ರೂಪ್‌ಗಳು ಒಂದಕ್ಕಿಂತ ಒಂದು ಬಹಳ ಬೇರೆಯಾಗಿರುತ್ತವೆ. ಅವು ತಮ್ಮ ಸರಾಸರಿಯಿಂದ ಸಾಮಾನ್ಯವಾಗಿ 27%ರಷ್ಟು ಆಚೀಚೆ ಆಡುತ್ತವೆ. ಆದ್ದರಿಂದ ಈ ಪಿಸ್ತೂಲಿನಲ್ಲಿ 3 ಮಿ.ಮೀ., ಆ ಪಿಸ್ತೂಲಿನಲ್ಲಿ 4 ಮಿ.ಮೀ. ಎಂದು ತಲಾ ಒಂದು ಗ್ರೂಪ್ ನೋಡಿ ತೀರ್ಪು ಕೊಡುವುದು ನಾಣ್ಯ ಚಿಮ್ಮಿದಂತೆಯೇ. ಐದು ಗ್ರೂಪ್‌ಗಳ ಸರಾಸರಿ ತೆಗೆದುಕೊಂಡಾಗ ಆ ಅನಿಶ್ಚಿತತೆ ಸುಮಾರು 12%ಕ್ಕೆ ಇಳಿಯುತ್ತದೆ. ಎರಡು ಅಂಥ ಸರಾಸರಿಗಳನ್ನು ಹೋಲಿಸುವಾಗ, ಅವುಗಳ ನಡುವೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಅಂತರವಿದ್ದರೆ ಮಾತ್ರ ಅದನ್ನು ನಂಬಬಹುದು. ಅದಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಹಿಡಿಯಬೇಕೆಂದರೆ ಇನ್ನೂ ಹೆಚ್ಚು ಕಾಗದ ಹೊಡೆಯಬೇಕು: ತಲಾ ಹತ್ತು ಗ್ರೂಪ್ ಹೊಡೆದರೆ ಕಾಲು ಭಾಗದಷ್ಟು ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎರಡು ಪಿಸ್ತೂಲುಗಳ ಸರಾಸರಿ 3.1 ಮತ್ತು 3.4 ಎಂದು ಬಂದರೆ, ಅವೆರಡೂ ಸಮ ಎಂದು ಬರೆದುಕೊಂಡು ಮುಂದಿನ ಹಂತಕ್ಕೆ ಹೋಗಿ.

ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಬಳಸಿ, ಆದರೆ ಅದಕ್ಕೆ ಅತಿಯಾದ ಮಹತ್ವ ಕೊಡಬೇಡಿ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋಗುವ ಪೆಲೆಟ್ 10 ಮೀಟರ್ ಕ್ರಮಿಸುವಷ್ಟರಲ್ಲಿ ಗುರುತ್ವದಿಂದ ಸುಮಾರು 22 ಮಿ.ಮೀ. ಕೆಳಗಿಳಿಯುತ್ತದೆ, ವೇಗ 3 ಮೀಟರ್ ಕಡಿಮೆಯಾದರೆ ಅದು ಇನ್ನೂ 1 ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ. ವೇಗ 10 ಮೀಟರ್ ಏರಿಳಿಯುತ್ತಿದ್ದರೆ ಮಾತ್ರ ಮೇಲೆ ಕೆಳಗೆ 3 ಮಿ.ಮೀ. ಹರವು ಬಂದು, ಗ್ರೂಪ್ ಲಂಬವಾಗಿ ಉದ್ದವಾಗುತ್ತದೆ. ಹಾಗೆ ಕಂಡಲ್ಲಿ ನಳಿಕೆಯನ್ನು ಬಿಟ್ಟು ಒತ್ತಡ ನಿಯಂತ್ರಕವನ್ನೂ ವಾಷರುಗಳನ್ನೂ ಪರಿಶೀಲಿಸಬೇಕು. ಗ್ರೂಪ್ ಅಡ್ಡಕ್ಕೆ ಹರಡಿದ್ದರೆ ವೇಗದ ದೋಷವಲ್ಲ. ವೈಸ್, ಸಡಿಲ ಸ್ಕ್ರೂ ಅಥವಾ ಪೆಲೆಟ್ ಕಡೆಗೆ ನೋಡಿ.

ಗ್ರೂಪ್ ಹೇಳದ ಸಂಗತಿಗಳು

ಎಷ್ಟು ಚಿಕ್ಕ ಗ್ರೂಪ್ ಕೊಟ್ಟರೂ ಮಧ್ಯದಲ್ಲಿ ಕೈಕೊಡುವ ಪಿಸ್ತೂಲು ಸ್ಪರ್ಧೆಗೆ ಬಾರದು. 2021ರ ಜುಲೈಯಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ಅಮೂಲ್ಯ ನಿಮಿಷಗಳು ದುರಸ್ತಿಗೆ ಹೋದವು. 575 ಅಂಕ ಗಳಿಸಿದರೂ ಅವರು ಫೈನಲ್ ತಲುಪಲಿಲ್ಲ. ಅದೇ ಸ್ಪರ್ಧೆಯಲ್ಲಿ ಅವರು 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದ್ದೇವೆ. 60 ಹೊಡೆತಗಳನ್ನು 75 ನಿಮಿಷದಲ್ಲಿ ಮುಗಿಸಬೇಕಾದ ಆಟದಲ್ಲಿ ಐದು ನಿಮಿಷವೂ ಭಾರವೇ. ಆದ್ದರಿಂದ ಪರೀಕ್ಷೆಯ ಉದ್ದಕ್ಕೂ ಟ್ರಿಗರ್ ಬೀಳದಿದ್ದದ್ದು, ಗಾಳಿ ಸೋರಿದ್ದು, ಸನ್ನೆ ಬಿಗಿಯಾದದ್ದು ಪ್ರತಿಯೊಂದನ್ನೂ ಗ್ರೂಪಿನ ಪಕ್ಕದಲ್ಲಿಯೇ ಬರೆದಿಡಿ. ಎಲೆಕ್ಟ್ರಾನಿಕ್ ಟ್ರಿಗರಿನ ಪಿಸ್ತೂಲಿದ್ದರೆ ಬ್ಯಾಟರಿ ಹಾಕಿದ ದಿನಾಂಕವೂ ಅಲ್ಲೇ ಇರಲಿ.

ನಿಯಮಗಳನ್ನು ಇದೇ ಹೊತ್ತಿನಲ್ಲಿ ನೋಡಿಬಿಡುವುದು ಒಳ್ಳೆಯದು. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಅದು 420, 200, 50 ಮಿ.ಮೀ. ಒಳಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ಎತ್ತಬೇಕು. ಅಕ್ಕಸಾಲಿಗರ ಹತ್ತಿರವೋ ತರಕಾರಿ ಅಂಗಡಿಯ ತಕ್ಕಡಿಯಲ್ಲೋ ತೂಗಿದ ಅರ್ಧ ಕಿಲೋ ಕಲ್ಲನ್ನು ನಂಬಿ ಹೋಗಬೇಡಿ, ಕ್ಲಬ್ಬಿನ ಅಳತೆಗಲ್ಲಿನಿಂದಲೇ ಪರೀಕ್ಷಿಸಿ, ಮತ್ತು ಹತ್ತಿಪ್ಪತ್ತು ಗ್ರಾಂ ಹೆಚ್ಚೇ ಇಟ್ಟುಕೊಳ್ಳಿ.

ಕೊನೆಯ ಹಂತ: ಕೈಯಲ್ಲಿ ಹಿಡಿದು ಹೋಲಿಸುವುದು

ಈಗ ಹಿಡಿಯನ್ನು ಮತ್ತೆ ಜೋಡಿಸಿ, ಎರಡೂ ಪಿಸ್ತೂಲುಗಳ ಸೈಟನ್ನು ಸರಿಪಡಿಸಿಕೊಂಡು, ಟ್ರಿಗರಿನ ಭಾರವನ್ನು ಸಮವಾಗಿಸಿ. ಮೊದಲು ಗುರಿಕಾಗದವನ್ನು ತಿರುಗಿಸಿ, ಬಿಳಿಯ ಬರಿಯ ಹಿಂಬದಿಗೆ ತಲಾ ಹತ್ತು ಹೊಡೆತ ಹಾಕಿ. ಗುರಿಯಿಡಲು ಕಪ್ಪು ಚುಕ್ಕೆ ಇಲ್ಲದಾಗ ಗಮನವೆಲ್ಲ ಸೈಟಿನ ಮೇಲೆಯೂ ಬೆರಳಿನ ಮೇಲೆಯೂ ಇರುತ್ತದೆ, ಮತ್ತು ಯಾವ ಹಿಡಿ ನಿಮ್ಮ ಅಂಗೈಗೆ ಹೊಂದುತ್ತದೆಂಬುದು ಬೇಗ ತಿಳಿಯುತ್ತದೆ. ಆಮೇಲೆ ಪೂರ್ಣ 60 ಹೊಡೆತಗಳ ಸುತ್ತುಗಳನ್ನು ದಿನ ಬಿಟ್ಟು ದಿನ ಪಿಸ್ತೂಲು ಬದಲಿಸುತ್ತಾ, ತಲಾ ಕನಿಷ್ಠ ಐದು ಸುತ್ತು ಆಡಿ. ಹೊಸ ಪಿಸ್ತೂಲು ಮೊದಲ ಎರಡು ದಿನ ಹೆಚ್ಚು ಅಂಕ ಕೊಡುವುದುಂಟು, ಏಕೆಂದರೆ ಹೊಸದನ್ನು ಹಿಡಿದಾಗ ಎಲ್ಲರೂ ಹೆಚ್ಚು ಎಚ್ಚರದಿಂದ ಹೊಡೆಯುತ್ತೇವೆ. ಆ ಎರಡು ದಿನಗಳನ್ನು ಲೆಕ್ಕದಿಂದ ಹೊರಗಿಡಬೇಕು. ಒಟ್ಟು ಅಂಕಕ್ಕಿಂತಲೂ ಕೊನೆಯ ಇಪ್ಪತ್ತು ಹೊಡೆತಗಳನ್ನು ನಾನು ಹೆಚ್ಚು ಗಮನಿಸುತ್ತೇನೆ. ಮೂತಿ ಭಾರವಾದ ಪಿಸ್ತೂಲು ಮೊದಲ ಅರ್ಧ ತಾಸು ಸ್ಥಿರವಾಗಿ ನಿಂತು, ಭುಜ ದಣಿದಂತೆ ಕೆಳಕ್ಕೆ ಜಗ್ಗತೊಡಗುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ. ಮಗುವಿಗೆಂದು ಕೊಳ್ಳುವವರು ವೈಸಿನ ಫಲಿತಾಂಶಕ್ಕಿಂತ ಈ ಕೊನೆಯ ಇಪ್ಪತ್ತನ್ನೇ ನೋಡಲಿ ಎಂಬುದು ನನ್ನ ಒತ್ತಾಯ.

ಪಿಸ್ತೂಲನ್ನು ಆಯ್ದುಕೊಂಡ ಮೇಲೆ, ಅದಕ್ಕೆ ಒಗ್ಗಿದ ಲಾಟ್‌ನ ಡಬ್ಬಿಗಳನ್ನು ಒಂದು ಋತುವಿಗೆ ಆಗುವಷ್ಟು ಒಮ್ಮೆಗೇ ಕೊಂಡುಬಿಡಿ. ಐದು ಪರೀಕ್ಷಾ ಕಾಗದಗಳ ಮೇಲೆ ದಿನಾಂಕ, ಪೆಲೆಟ್, ಲಾಟ್ ನಂಬರ್, ಸಿಲಿಂಡರಿನ ಒತ್ತಡ ಬರೆದು ಪಿಸ್ತೂಲಿನ ಪೆಟ್ಟಿಗೆಯಲ್ಲಿಯೇ ಇಡಿ. ಆ ಲಾಟ್‌ನ ಒಂದು ಡಬ್ಬಿಯನ್ನು ತೆರೆಯದೆ ಎತ್ತಿಟ್ಟಿರಿ. ವರ್ಷ ಕಳೆದ ಮೇಲೆ ಅಂಕ ಇಳಿಯತೊಡಗಿ ಪಿಸ್ತೂಲಿನ ಮೇಲೆ ಅನುಮಾನ ಬಂದರೆ, ಅದೇ ಡಬ್ಬಿಯಿಂದ, ಅದೇ ವೈಸಿನಲ್ಲಿ ಮತ್ತೆ ಐದು ಕಾಗದ ಹೊಡೆದು ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿ. ಸರಾಸರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆದಿದ್ದರೆ ಮೊದಲು ನಳಿಕೆಯ ಸ್ಕ್ರೂ ಬಿಗಿಯಿದೆಯೇ ನೋಡಿ, ಫೆಲ್ಟ್ ಉಂಡೆಗಳಿಂದ ನಳಿಕೆಯನ್ನು ಶುಚಿಮಾಡಿ, ಅದಕ್ಕೂ ಸರಿಹೋಗದಿದ್ದರೆ ಮೆಕ್ಯಾನಿಕ್ ಬಳಿ ಒಯ್ಯಿರಿ. ಬೆಳೆದಿಲ್ಲವಾದರೆ ಪಿಸ್ತೂಲನ್ನು ಪೆಟ್ಟಿಗೆಗೆ ಮರಳಿಸಿ, ಮರುದಿನ ಬೆಳಿಗ್ಗೆ ಕೋಚ್ ಜೊತೆ ಕೂತು ಟ್ರಿಗರಿನ ಅಭ್ಯಾಸದಿಂದ ಶುರುಮಾಡಿ.